ಹೂತಿಟ್ಟ ಕಾಳು

ಎಲ್ವಿನ್ ಗುರುತಿಗೆಂದು ನೆಟ್ಟಿದ್ದ ಕೋಲು ಕಾಣೆಯಾಗಿತ್ತು. ಕೋಲು ಹೋದರೆ ಹೋಗಲಿ, ಅದರ ಕೆಳಗೆ ಇಡೀ ಊರಿನ ಊಟವಿತ್ತು.

ಅಮೆರಿಕದ ಮೇಯ್ನ್ ಸೀಮೆಯ ಆ ಹಳ್ಳಿಯಲ್ಲಿ ಸುಗ್ಗಿಯೂಟಕ್ಕೆ ಮನೆಮನೆಯವರೂ ತಾವು ಬೆಳೆದ ಬೀನ್ಸ್ ಕಾಳು ಕೊಡುತ್ತಾರೆ. ಹಿಂದಿನ ಸಂಜೆ ಅದನ್ನೆಲ್ಲ ಕಬ್ಬಿಣದ ಪಾತ್ರೆಗೆ ಸುರಿದು, ಮೇಪಲ್ ಮರದ ಸಿಹಿ ಪಾಕ ಬೆರೆಸಿ, ಕೆಂಡ ತುಂಬಿದ ಆಳದ ಗುಂಡಿಯಲ್ಲಿ ಹೂತು ಬೇಯಿಸುವುದು ಪದ್ಧತಿ. ಅಂಗಡಿಯ ಪದಾರ್ಥ ಅಲ್ಲಿ ಮೈಲಿಗೆ. ಒಮ್ಮೆ ಪರವೂರಿನ ಬೆಣ್ಣೆ ತಂದವಳನ್ನು ಊರು ಇನ್ನೂ ‘ಬೆಣ್ಣೆಯಮ್ಮ’ ಎಂದೇ ಆಡಿಕೊಳ್ಳುತ್ತದೆ. ಇಷ್ಟು ಕಾಲ ಕಾಳು ಹೂಳುವ ಹೊಣೆ ಆರಿನ್ ಅಜ್ಜನದು. ವರ್ಷವರ್ಷವೂ ಹೊಸ ಪಾತ್ರೆಯನ್ನೇ ತರುತ್ತಿದ್ದ ಅವನ ಶ್ರದ್ಧೆಯನ್ನು ಪಾದ್ರಿಗಳೇ ಹೊಗಳಿದ್ದರು. ಈ ಸಲ ಅಜ್ಜ ಬೆನ್ನುನೋವೆಂದು ಹಿಂದೆ ಸರಿದಾಗ ಎಲ್ವಿನ್ ಎದೆಯುಬ್ಬಿಸಿಕೊಂಡು ಮುಂದೆ ಬಂದ.

ಬಂದವನು, ಅಗೆಯಲು ಸುಲಭವೆಂದು, ಆಗಷ್ಟೇ ಆಲೂಗಡ್ಡೆ ಕಿತ್ತಿದ್ದ ಚರ್ಚಿನ ಹಿಂದಿನ ಹೊಲವನ್ನೇ ಆರಿಸಿಕೊಂಡ. ರಾತ್ರಿ ಮಳೆ ಬಂತು. ಈಗ ನೋಡಿದರೆ ಇಡೀ ಹೊಲ ಒಂದೇ ಸಮ.

“ಥೆಲ್ಮಕ್ಕಾ, ಇಲ್ಲೊಂದು ಕೋಲಿತ್ತಲ್ಲಾ?”

“ಅದಾ? ಬಂದೋರಿಗೆ ಅಸಹ್ಯ ಕಾಣುತ್ತೆ ಅಂತ ಕಿತ್ತು ನನ್ನ ಟೊಮೇಟೊ ಗಿಡಕ್ಕೆ ಆಸರೆ ಕೊಟ್ಟೆ,” ಎಂದಳು ಪಕ್ಕದ ಮನೆಯ ಥೆಲ್ಮಾ.

“ಎಲ್ಲಿಂದ ಕಿತ್ತೆ?”

“ನೆಲದಿಂದ!”

ಎಲ್ವಿನ್ ಗುದ್ದಲಿ ಹಿಡಿದ. ಒಂದು ಗುಂಡಿ, ಇನ್ನೊಂದು ಗುಂಡಿ. ಥೆಲ್ಮಾ ಕುರ್ಚಿ ತಂದು ಹಾಕಿಕೊಂಡು ಕೂತಳು.

“ಏನೋ ಇದು?”

“ಬೆ... ಬೆಳ್ಳುಳ್ಳಿ ಹಾಕೋಕೆ.”

“ಬೆಳ್ಳುಳ್ಳಿಗೆ ಇಷ್ಟು ಆಳವಾ? ಹಸು ಹೂಳೋ ಹಾಗಿದೆ!”

ಮಧ್ಯಾಹ್ನದ ಹೊತ್ತಿಗೆ ಹೊಲವೆಲ್ಲ ಹೆಗ್ಗಣ ಹೊಕ್ಕಂತಾಗಿತ್ತು. ಎಲ್ವಿನ್‌ಗೆ ಅಳುವೊಂದೇ ಬಾಕಿ. ‘ಬೆಣ್ಣೆಯಮ್ಮ’ನ ಪಕ್ಕದಲ್ಲಿ ತನಗೂ ಒಂದು ಹೆಸರು ಕಾದಿದೆಯೆಂದು ಅವನಿಗೆ ಖಾತ್ರಿಯಾಯಿತು. ಅಷ್ಟರಲ್ಲಿ ಆರಿನ್ ಅಜ್ಜ ಬಂದ. ಥೆಲ್ಮಾಳನ್ನು ಮೇಜು ಜೋಡಿಸಲು ಸಾಗಹಾಕಿ, ಬೈಯದೆ, ಏನೂ ಕೇಳದೆ, ತಾನೂ ಅಗೆಯತೊಡಗಿದ. ಬೆನ್ನುನೋವಿನ ಸುಳಿವೇ ಇರಲಿಲ್ಲ.

ಠಣ್!

“ಸಿಕ್ಕಿತು ಅಜ್ಜಾ!” ಎಲ್ವಿನ್ ಕುಣಿದಾಡಿ ಮುಚ್ಚಳ ತೆಗೆದ. ಒಳಗೆ ಒಂದಂಗುಲ ಬೂಷ್ಟು. ಪಾತ್ರೆ ತಣ್ಣಗೆ ಕೊರೆಯುತ್ತಿತ್ತು. “ಇದು ನನ್ನದಲ್ಲ!”

“ಗೊತ್ತು. ನನ್ನದು.”

“ಹೋದ ವರ್ಷದ್ದಾ?”

ಅಜ್ಜ ಪಾತ್ರೆಯ ಹಿಡಿಯನ್ನು ಸವರಿ ನೋಡಿದ. “ಅಲ್ಲ ಕಣೋ. ಇದು ಅದರ ಹಿಂದಿನದು.”

ಹೊಸ ಪಾತ್ರೆಗಳ ಗುಟ್ಟು ಎಲ್ವಿನ್‌ಗೆ ಆಗ ಹೊಳೆಯಿತು. ಅಜ್ಜ ಅವನನ್ನು ತನ್ನ ಮನೆಯ ನೆಲಮಾಳಿಗೆಗೆ ಕರೆದೊಯ್ದ. ಗೋಡೆಯುದ್ದಕ್ಕೂ ಅಂಗಡಿಯಿಂದ ತಂದ, ಬೇಯಿಸಿದ ಬೀನ್ಸ್ ತುಂಬಿದ ಡಬ್ಬಿಗಳು ಸಾಲಾಗಿ ಕಾದು ನಿಂತಿದ್ದವು.

ಸಂಜೆ ಥೆಲ್ಮಾ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಎಲ್ವಿನ್‌ನ ಕಣ್ಣು ಅವಳ ಬಾಯಿಯ ಮೇಲೇ ಇತ್ತು.

“ಅದೇ ರುಚಿ! ಆರಿನ್ ಕೈಗುಣ ಹಾಗೇ ಬಂದಿದೆ ನೋಡಿ ಇವನಿಗೆ. ಅಂಗಡಿ ಡಬ್ಬಿಗೆ ಎಲ್ಲಿಂದ ಬರಬೇಕು ನಮ್ಮ ಮಣ್ಣಿನ ಈ ಘಮ!”

ಊರೆಲ್ಲ ಚಪ್ಪಾಳೆ ತಟ್ಟಿತು. ಪಾದ್ರಿಗಳು ಎದ್ದು ನಿಂತು, ಇನ್ನು ಮುಂದೆ ಈ ಸೇವೆ ಎಲ್ವಿನ್‌ಗೇ ಸಲ್ಲಬೇಕೆಂದೂ, ಬೇರೆ ಊರವರನ್ನೂ ಕರೆಯುವುದರಿಂದ ಮುಂದಿನ ಸುಗ್ಗಿಗೆ ಅವನು ಎರಡು ಪಾತ್ರೆ ಹೂಳಬೇಕೆಂದೂ ಸಾರಿದರು.

ಎಲ್ವಿನ್ ಕಂಗಾಲಾಗಿ ಅಜ್ಜನತ್ತ ತಿರುಗಿದ. ಅಜ್ಜ ನೆಲಮಾಳಿಗೆಯ ಬೀಗದಕೈಯನ್ನು ಮೇಜಿನ ಕೆಳಗಿಂದ ಅವನ ಕೈಗೆ ತುರುಕಿ, ಕಿವಿಯಲ್ಲಿ ಪಿಸುಗುಟ್ಟಿದ:

“ಹೊಲದ ಬೇಲಿ ಪಕ್ಕ ಮಾತ್ರ ಹೂಳಬೇಡ ಕಣೋ. ಅಲ್ಲಿ ಜಾಗ ಇಲ್ಲ.”