ನನ್ನ ಬಿಳಿ ಕಣಗಳಿಗೆ ಓಣಿ ವಿಧಿಸಿದ ಉಪವಾಸ

ನಮ್ಮ ಕೊಟ್ಟೂರಿನಲ್ಲಿ ಒಬ್ಬನಿಗೆ ರೋಗ ಬಂದರೆ ಓಣಿಗೆಲ್ಲ ಕೈತುಂಬ ಕೆಲಸ. ಎಂಬತ್ತರ ದಶಕದಲ್ಲಿ ಆ ಭಾಗ್ಯ ಓಣಿಗೆ ಒದಗಿಸಿದವನು ಶೇಂಗಾ ದಲಾಲಿಯಾದ ನಾನು. ಬಂದದ್ದು ರಕ್ತದ ಕ್ಯಾನ್ಸರ್. ನಿಧಾನದ ಜಾತಿಯದು, ಗುಳಿಗೆಗೆ ಬಗ್ಗಬಹುದು ಎಂದಿದ್ದರು ದಾವಣಗೆರೆಯ ಡಾಕ್ಟರು. ಆ 'ಬಹುದು' ಕೇಳಿ ನನ್ನ ಜೀವ ಬಾಯಿಗೆ ಬಂದಿತ್ತು. ಆದರೆ ನೆಮ್ಮದಿಯಾಗಿ ಹೆದರಲಿಕ್ಕಾದರೂ ಯಾರು ಬಿಟ್ಟರು?

ಧಾರಣೆ

ಮೊದಲು ನೋಡಲು ಬಂದವರು ಎದುರು ಅಂಗಡಿಯ ಸಾವಕಾರರು.

"ಏನಂದ್ರು ಡಾಕ್ಟರು?"

"ರಕ್ತದಾಗ ಬಿಳಿ ಕಣ ವಿಪರೀತ ಏರ್ಯಾವಂತ್ರಿ," ಎಂದೆ.

ಜೀವಮಾನವಿಡೀ ಪೇಟೆಯ ಧಾರಣೆ ಏರುವುದನ್ನೇ ಕಾದ ಮನುಷ್ಯ. ಮುಖ ಅರಳಿತು. "ಏರ್ಯಾವಲ್ಲ! ಮತ್ಯಾಕ ಮಾರಿ ಸಣ್ಣ ಮಾಡಿ ಕುಂತಿ? ಇಳಿದಿದ್ರ ಚಿಂತಿ ಮಾಡಬೇಕಿತ್ತು."

"ಸಾವಕಾರ್ರ, ಅವು ಇಳೀಬೇಕ್ರಿ," ಎಂದಳು ಒಳಗಿನಿಂದ ನನ್ನ ಹೆಂಡತಿ.

ಹೊರಡುವಾಗ ಸಾವಕಾರರು ನನ್ನ ಕಿವಿಯಲ್ಲಿ ಹೇಳಿದರು: "ಹೆಣ್ಣಮಕ್ಕಳ ಮಾತು ಕೇಳಿ ಅವಸರ ಮಾಡಬ್ಯಾಡ. ಇನ್ನೊಂದೀಟು ದಿನ ತಡಿ, ಇನ್ನೂ ಏರ್ತಾವ."

ಎಲುಬಿನೊಳಗಿನ ಓಣಿ

ಮುಂದಿನ ಸಲ ದಾವಣಗೆರೆಗೆ ನನ್ನ ಜೊತೆ ಬಂದವನು ಪಕ್ಕದ ಮನೆಯ ಮೆಕ್ಯಾನಿಕ್ ಭಾಯಿ. ಗುಳಿಗೆ ನುಂಗಿದರೂ ಕೆಟ್ಟ ಕಣ ಯಾಕೆ ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರನ್ನು ಕೇಳಿದೆ.

"ಅದು ಒಂಟಿಯಾಗಿದ್ದರೆ ಬೇಗ ಸಾಯುತ್ತೆ," ಎಂದರು. "ಆದರೆ ಎಲುಬಿನ ಮಜ್ಜೆಯಲ್ಲಿ ಅದರ ಅಕ್ಕಪಕ್ಕದ ಒಳ್ಳೆಯ ಕಣಗಳೇ ಅದನ್ನು ಸಾಕುತ್ತವೆ, ಔಷಧ ತಾಗದ ಹಾಗೆ ಮರೆ ಮಾಡುತ್ತವೆ."

ಭಾಯಿ ತೊಡೆ ತಟ್ಟಿದ. "ಅರೆ, ಇದು ನಮ್ಮೂರ ಲೀಡರನ ಕತಿ ಆತಲ್ರಿ! ಅವ ಒಬ್ಬನ ಇದ್ರ ಎಂದೋ ಮನಿ ಸೇರತಿದ್ದ. ಸುತ್ತಲಿನ ಒಳ್ಳೇ ಮಂದಿನೇ ಹಾರ ಹಾಕಿ ಹಾಕಿ ಉಳಿಸ್ಯಾರ."

ಡಾಕ್ಟರು ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, "ನಮ್ಮ ಆಸ್ಪತ್ರೆಯಲ್ಲೂ ಅಂಥವರೊಬ್ಬರಿದ್ದಾರೆ ಕಣ್ರೀ. ಅದಕ್ಕಿನ್ನೂ ಗುಳಿಗೆ ಬಂದಿಲ್ಲ," ಎಂದರು.

ಕಟ್ಟುನಿಟ್ಟಿನ ಉಪವಾಸ

ಡಾಕ್ಟರು ಹೇಳಿದ ಅಕ್ಕಪಕ್ಕದ ಕಣಗಳ ಮಾತನ್ನು ಭಾಯಿ ನಮ್ಮ ದೊಡ್ಡವ್ವನಿಗೆ ಮುಟ್ಟಿಸಿದ. ಮನೆಯಲ್ಲಿ ಆಕೆಯದೇ ಹೈಕೋರ್ಟು.

"ಅಕ್ಕಪಕ್ಕದವು ಅದಕ್ಕ ಉಣಸ್ತಾವ ಅಂದ್ರ, ಅವಕ್ಕ ಉಣಸಾವ ಯಾರು? ಇವನ ಅಲ್ಲೇನು? ಇವನ ಊಟ ಬಂದ್ ಮಾಡ್ರಿ. ಎಲ್ಲಾ ಸಾಯ್ತಾವ."

"ಅತ್ತಿ, ಮೊದಲು ಇವರ ಹೋಗ್ತಾರ," ಎಂದು ಹೆಂಡತಿ ಅತ್ತಳು. ತೀರ್ಪು ಬದಲಾಗಲಿಲ್ಲ. ಮುಂದಿನ ತಪಾಸಣೆಯವರೆಗೆ ಗುಳಿಗೆ, ನೀರು, ಅಷ್ಟೇ. ಸುದ್ದಿ ಕೇಳಿ ಬಂದ ಸಾವಕಾರರೂ ಭಾಯಿಯೂ ಸರಿಯೆಂದು ತಲೆಯಾಡಿಸಿದರು. ಕ್ಯಾನ್ಸರಿಗಿಂತ ಮೊದಲು ದೊಡ್ಡವ್ವನೇ ನನ್ನನ್ನು ಮುಗಿಸುತ್ತಾಳೆಂದು ನಾನು ಗೋಡೆಗೆ ಮುಖ ಮಾಡಿ ಮಲಗಿದೆ.

ಅಂದು ಮಧ್ಯಾಹ್ನವೇ ಹೆಂಡತಿ ಸೆರಗಿನ ಮರೆಯಲ್ಲಿ ರೊಟ್ಟಿ ಪಲ್ಯ ತಂದಳು. "ಯಾರಿಗೂ ಹೇಳಬ್ಯಾಡ್ರಿ." ಆಕೆ ಅತ್ತ ಹೋಗುತ್ತಲೇ ಸಮಾಧಾನ ಹೇಳಲು ಬಂದ ಸಾವಕಾರರು ಜುಬ್ಬಾದ ಜೇಬಿನಿಂದ ಮಂಡಕ್ಕಿ ಮಿರ್ಚಿ ಪೊಟ್ಟಣ ತೆಗೆದರು. "ನಿಮ್ಮ ಮನ್ಯಾಗ ಗೊತ್ತಾಗಬಾರದು." ಭಾಯಿಯ ಸ್ಪ್ಯಾನರ್ ಚೀಲದಲ್ಲಿ ಶಾವಿಗೆ ಪಾಯಸದ ಡಬ್ಬಿಯಿತ್ತು. ಸಂಜೆ ಮನೆಯಲ್ಲಿ ಯಾರೂ ಇಲ್ಲದಾಗ ಸ್ವತಃ ದೊಡ್ಡವ್ವ ಬಾಗಿಲು ಮುಂದೆ ಮಾಡಿಕೊಂಡು ಬಂದಳು. ಕೈಯಲ್ಲಿ ತುಪ್ಪ ಸೋರುವ ಹೋಳಿಗೆ. "ಲೇ, ನಾ ಹೇಳಾದು ಹೇಳೀನಿ. ಇದು ಉಪವಾಸದ ಲೆಕ್ಕಕ್ಕ ಬರಾಂಗಿಲ್ಲ, ಲಗೂನ ನುಂಗು."

ದಿನವೂ ಹೀಗೆಯೇ ನಡೆಯಿತು. ತಪಾಸಣೆಗೆ ನಾಲ್ವರೂ ನನ್ನ ಜೊತೆ ಹೊರಟರು.

"ಬಿಳಿ ಕಣ ಇಳಿದಿವೆ. ಗುಳಿಗೆ ಕೆಲಸ ಮಾಡಿದೆ," ಎಂದರು ಡಾಕ್ಟರು. ಹೆಂಡತಿ ಕಣ್ಣೊರೆಸಿಕೊಂಡಳು. ನಾನಂತೂ ನಾಚಿಕೆ ಬಿಟ್ಟು ಅತ್ತೆ. ಇನ್ನಷ್ಟು ದಿನ ಬದುಕಿರುತ್ತೇನೆಂದು ಅಷ್ಟು ಸಂತೋಷವಾಗಿತ್ತು.

ಆಮೇಲೆ ತೂಕದ ಯಂತ್ರ ಹತ್ತಿಸಿದರು. "ಇದೇನ್ರೀ, ಮೈ ಹೀಗೆ ತುಂಬಿಕೊಂಡಿದೆ! ಏನು ತಿನ್ನುತ್ತಿದ್ದಿರಿ?"

"ಏನೂ ಇಲ್ಲರಿ," ದೊಡ್ಡವ್ವ ಸೆಟೆದು ನಿಂತಳು. "ಕಟ್ಟುನಿಟ್ಟಿನ ಉಪವಾಸ!"

ಡಾಕ್ಟರು ನನ್ನತ್ತ ತಿರುಗಿ, "ನಿಜವೇನ್ರೀ?" ಎಂದರು. ಅವರ ಬೆನ್ನ ಹಿಂದೆ ನಾಲ್ವರೂ, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಮುಖ ತಿರುಗಿಸಿ, ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು.

"ಹೌದ್ರಿ," ಎಂದೆ. "ನಮ್ಮ ಕೊಟ್ಟೂರ ನೀರಾಗ ಬಾಳ ಶಕ್ತಿ ಐತ್ರಿ."