ಕಂಟ್ರೋಲರಿನ ಇಂಟು ಗುಂಡಿಯವರಿಗೆ, ಅಳಿಸಿಹೋದ ಕಿತ್ತಳೆ ತೋಟದ ಕುರಿತು

ಮಾನ್ಯ ಇಂಟು ಗುಂಡಿಯವರೇ,

ತಮಗೂ, ತಮ್ಮ ನೆರೆಯ ಸೊನ್ನೆ ಗುಂಡಿಯವರಿಗೂ ತಲೆಬಾಗಿ ವಂದನೆಗಳು. ‘ಬೇಡವೆಂದರೆ ಮುಚ್ಚುವುದು ಬಾಗಿಲು’ ಎಂದೋ, ‘ಬೇಡವೆಂಬುದೂ ಒಂದು ಬಾಗಿಲು’ ಎಂದೋ ಒಂದು ಸಾಲನ್ನು ಎಲ್ಲಿಯೋ ಓದಿದ ನೆನಪು. ಮೊದಲನೆಯದೇ ಸರಿಯೆಂದು ನಂಬಿ ಬದುಕಿದ್ದೆ. ತಮ್ಮ ಪರಿಚಯವಾದ ಮೇಲೆ ಅನುಮಾನ ಶುರುವಾಗಿದೆ.

ಪಕ್ಕದ ಮನೆಯ ಹಮಸಾಕಿ ಸಾನ್ ಮಂಡಿಯ ಶಸ್ತ್ರಚಿಕಿತ್ಸೆಗೆ ಹೊರಟಾಗ, ವಿಡಿಯೋ ಆಟದೊಳಗೆ ವರ್ಷವಿಡೀ ಬೆಳೆಸಿದ್ದ ಕಿತ್ತಳೆ ತೋಟವನ್ನು ಟಿವಿಯಲ್ಲಿ ತೆರೆದಿಟ್ಟು, “ದಿನಾ ಒಂದಿಷ್ಟು ನೀರು ಹಾಕಿ ಸಾಕು, ನಾನು ಬರೋ ಹೊತ್ತಿಗೆ ಹಣ್ಣು ಬಿಟ್ಟಿರುತ್ತೆ” ಎಂದು ಬೀಗದ ಕೈ ಕೊಟ್ಟುಹೋದರು. ಕಂಟ್ರೋಲರಿನ ಎಡಗಡೆಯ ಕಡ್ಡಿ ನಡೆಸುತ್ತದೆ, ಬಲಗಡೆಯದು ನೋಟ ಹೊರಳಿಸುತ್ತದೆ ಎಂಬುದನ್ನು ಕಲಿಯುವಷ್ಟರಲ್ಲಿ ನನ್ನ ಪುಟ್ಟ ರೈತ ಹಲವು ಬಾರಿ ಕೆರೆಗೆ ಬಿದ್ದೆದ್ದ. ನೀರು ಸುರಿಯಲು ಹೂಜಿಯಂತೆ ಕಂಟ್ರೋಲರನ್ನೇ ವಾಲಿಸಬೇಕು ಎಂಬ ನಿಯಮವನ್ನೂ ಪಾಲಿಸಿ, ಅದರೊಂದಿಗೆ ನಾನೂ ವಾಲಿ ಚಹಾದ ಬಟ್ಟಲಿಗೆ ಮೊಣಕೈ ತಾಗಿಸಿದೆ. ಗುಂಡಿ ಒತ್ತುವ ಪ್ರಸಂಗ ಮಾತ್ರ ಬಂದಿರಲಿಲ್ಲ.

ಆ ಪ್ರಸಂಗ ಬಂದ ದಿನ, ನನ್ನ ಹೆಬ್ಬೆರಳು ಎಲ್ಲಿ ಅಲೆದಿತ್ತೋ, ಪರದೆ ಕೇಳಿತು: ಈ ತೋಟವನ್ನು ಅಳಿಸಲೇ? ಸರಿಯುತ್ತರಕ್ಕೆ ಮೇಷ್ಟರು ಸೊನ್ನೆ ಸುತ್ತುವ, ಇಲ್ಲವೆನ್ನಲು ಅಂಗಡಿಯವರು ಎರಡು ಕೈಗಳನ್ನೇ ಇಂಟು ಮಾಡಿ ತೋರಿಸುವ ಊರಿನಲ್ಲಿ ಬೆಳೆದ ನಾನು, ಬೇಡವೆಂದು ತಮ್ಮನ್ನೇ ಒತ್ತಿದೆ. ಖಚಿತವೇ ಎಂದಿತು. ಗಾಬರಿಯಿಂದ ಎರಡೂ ಹೆಬ್ಬೆರಳುಗಳಿಂದ ತಮ್ಮನ್ನೇ ಮತ್ತೆ ಒತ್ತಿದೆ; ತೋಟ ಮಾಯವಾಯಿತು. ಇಷ್ಟು ಮನಃಪೂರ್ವಕ ಒಪ್ಪಿಗೆಯನ್ನು ತಾವೂ ಕಂಡಿರಲಾರಿರಿ. ಪರದೇಶಗಳಲ್ಲಿ ತಾವೇ ಸಮ್ಮತಿಯೆಂದೂ, ಲೋಕಕ್ಕೆಲ್ಲ ಒಂದೇ ಪದ್ಧತಿಯಿರಲೆಂದು ಇಲ್ಲಿಯೂ ತಮಗೆ ಬಡ್ತಿ ಸಿಕ್ಕಿದೆಯೆಂದೂ ಆಮೇಲೆ ತಿಳಿಯಿತು. ಅಭಿನಂದನೆಗಳು.

ತಮ್ಮ ಅಧಿಕಾರವನ್ನು ಇಷ್ಟಕ್ಕೇ ನಿಲ್ಲಿಸದೆ ಪೂರ್ವಾನ್ವಯಗೊಳಿಸಬೇಕೆಂದು ವಿನಂತಿ. ನನ್ನ ಶಾಲೆಯ ಗಣಿತದ ಉತ್ತರಪತ್ರಿಕೆಗಳನ್ನು ತರಿಸಿ, ಇಂಟು ಬಿದ್ದಲ್ಲೆಲ್ಲ ಪೂರ್ಣಾಂಕ ಕೊಡಿಸಿ. ಹಿಂದೆ ನಾನು ಕೈಗಳನ್ನು ಇಂಟು ಮಾಡಿ ನಿರಾಕರಿಸಿದ್ದ ವರ ಮದುವೆಯ ಉಡುಪಿನಲ್ಲಿ ಬಂದು ನಿಂತರೆ ನನ್ನ ಗಂಡನಿಗೆ ತಾವೇ ಸಮಜಾಯಿಷಿ ಹೇಳಿ. ನಾಳೆ ಹಮಸಾಕಿ ಸಾನ್ ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಇದಾವುದೂ ಆಗದಿದ್ದರೆ, ಬೋಳು ನೆಲವನ್ನು ಅವರಿಗೆ ತೋರಿಸುವ ಕೆಲಸವನ್ನಾದರೂ ವಹಿಸಿಕೊಳ್ಳಿ.

ಹೇಗಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿಯಲು ಹೆಣಗುತ್ತಿರುವ,
ಅನಬುಕಿ ಚಿಹೋ
ತಕಮತ್ಸು

ಮರುದಿನ ಸೇರಿಸಿದ ಮಾತು: ತಾವು ಬರಲಿಲ್ಲ, ನಾನೇ ಬಾಗಿಲಲ್ಲಿ ಬಗ್ಗಿ ನಿಂತು ಎಲ್ಲವನ್ನೂ ಹೇಳಿದೆ. ಹಮಸಾಕಿ ಸಾನ್ ಊರುಗೋಲಿನ ಮೇಲೆ ಗದ್ದವಿಟ್ಟು ಹೀಗೆಂದರು: “ಹಣ್ಣು ನೋಡ್ಬೇಕು ಅಂತಾನೇ ಎದ್ದು ನಡೆದೆ ಕಣ್ರೀ, ಅನಬುಕಿ ಸಾನ್. ಹೋಗ್ಲಿ, ಇನ್ನೊಂದು ಮಂಡೀನೂ ಕೊಯ್ಯಿಸ್ಬೇಕಂತೆ. ಅಷ್ಟರೊಳಗೆ ಫಲ ಬರೋ ಹಾಗೆ ಇವತ್ತೇ ಸಸಿ ನೆಡಿ. ಆದ್ರೆ ಟಿವಿ ಏನಾದ್ರೂ ಕೇಳಿದ್ರೆ ನೀವು ಉತ್ತರ ಕೊಡೋಕೆ ಹೋಗ್ಬೇಡಿ, ನನ್ನ ಕರೀರಿ.”