ನೊರೆಯಿಲ್ಲದ ಬಾಟಲಿಯೂ ನಾಗಲವ್ವನ ಹಣಿಗೆಯೂ

ಶರದೃತುವು ತನ್ನ ಬಿಳಿಮೋಡಗಳನ್ನು ಒಂದೊಂದಾಗಿ ಮಡಚಿ ಎತ್ತಿಡುತ್ತಿದ್ದ ಕಾಲದಲ್ಲಿ, ಆಶ್ವಯುಜ ಬಹುಳ ತ್ರಯೋದಶಿಯ ಗೋಧೂಳಿಯ ಹೊತ್ತಿನಲ್ಲಿ, ಗದಗ ಪಟ್ಟಣದ ಒಂದು ಓಣಿಯ ಹೆಂಗಸರೆಲ್ಲ ಹಂಡೆ ಬೆಳಗಿ, ಸುಣ್ಣದ ಗೆರೆ ಎಳೆದು, ನೀರು ತುಂಬುವ ಹಬ್ಬಕ್ಕೆಂದು ನಳದ ಮುಂದೆ ಕೊಡಗಳನ್ನು ಸಾಲು ಹಚ್ಚಿ ನಿಂತಿದ್ದಾಗ, ಈ ಮಹಾಸಮರವು ಮೊಳೆಯಿತು. ಯಾವ ಯುಗದಲ್ಲಿ ಮನುಷ್ಯರ ತಲೆಯ ಒಳಗಿರುವುದಕ್ಕೆ ಒಂದೂ ಮದ್ದು ಸಿಗದೆ, ತಲೆಯ ಮೇಲಿರುವುದಕ್ಕೆ ಮಾತ್ರ ಅಂಗಡಿಯ ಗೋಡೆ ತುಂಬ ಬಾಟಲಿಗಳು ಹುಟ್ಟಿಕೊಂಡವೋ, ಆ ಯುಗದ ಕಥೆ ಇದು. ಎಲೈ ತಾಮ್ರದ ಹಂಡೆಯೇ, ಅಗ್ನಿಪೀಠಾರೂಢೆಯೇ, ಉಷ್ಣೋದಕಗರ್ಭೆಯೇ! ನೀನು ಅಲ್ಲಿದ್ದೆ, ಎಲ್ಲವನ್ನೂ ಕಂಡೆ, ಯಾರ ಪಕ್ಷವನ್ನೂ ಹಿಡಿಯದೆ ಕುದಿದೆ. ನೀನೇ ನಾಲಗೆಯ ಮೇಲೆ ಕುಳಿತು ನುಡಿಸು.

ಆ ಮನೆಯ ಒಡತಿ ನಾಗಲಾಂಬಿಕೆ. ಓಣಿಯ ಬಾಯಲ್ಲಿ ನಾಗಲವ್ವ. ಸೀಗೆಪುಡಿಯ ಡಬ್ಬಿಯನ್ನೇ ಅಕ್ಷಯತೂಣೀರವಾಗಿ ಉಳ್ಳವಳು. ಜಟಿಲಕುಟಿಲಘನನೀಲಕುಂತಲಭಾರಧಾರಿಣಿ, ಎಂದರೆ ಗುಂಗುರು ಕೂದಲಿನವಳು. ಆ ಕುಂತಲಸಂಪತ್ತು ಅವಳ ಅಜ್ಜಿಯಿಂದ ಅವಳಿಗೂ, ಅವಳಿಂದ ಒಬ್ಬಳೇ ಮಗಳಾದ ಕುಮುದಾಳಿಗೂ ಇಳಿದು ಬಂದಿತ್ತು. ದಿನಾ ಮುಂಜಾನೆ ನರ್ಸಿಂಗ್ ಕಾಲೇಜಿಗೆ ಹೊರಡುವ ಮೊದಲು ಕುಮುದಾ ಪಡಸಾಲೆಯ ಮೆಟ್ಟಿಲ ಮೇಲೆ ತಾಯಿಯ ಮೊಣಕಾಲುಗಳ ನಡುವೆ ಕೂರುವಳು. ತಾಯಿ ಹಣಿಗೆ ಹಿಡಿದು ಸಿಕ್ಕು ಬಿಡಿಸುವಳು. ಸಿಕ್ಕು ದೊಡ್ಡದು, ಹೊತ್ತು ಹಿಡಿಯುವುದು. ಆ ಹೊತ್ತಿನಲ್ಲೇ ಮಗಳ ಬಾಯಿ ಬಿಚ್ಚುತ್ತಿತ್ತು: ಯಾವ ಗೆಳತಿ ಯಾರೊಡನೆ ಮಾತು ಬಿಟ್ಟಳು, ವಾರ್ಡಿನಲ್ಲಿ ಯಾವ ಪೈಲವಾನ ಸೂಜಿ ಕಂಡು ಅತ್ತ, ಯಾವ ಮೇಡಮ್ಮು ಯಾವ ಸೀರೆ ಉಟ್ಟಿದ್ದಳು. ಮೆಟ್ಟಿಲಿಂದ ಎದ್ದಳೆಂದರೆ ಮುಗಿಯಿತು; ಉಳಿದ ದಿನವೆಲ್ಲ ಅವಳು ಫೋನಿನವಳು. ಆದ್ದರಿಂದ ನಾಗಲವ್ವನ ಪಾಲಿಗೆ ಆ ಸಿಕ್ಕು ಬರಿಯ ಸಿಕ್ಕಾಗಿರಲಿಲ್ಲ.

ಆ ಮಗಳೇ ಅಂದು ನಳದ ಮುಂದೆ, ಕೊಡಗಳೆಲ್ಲ ಕೇಳುವಂತೆ, ಭೀಷಣ ಪ್ರತಿಜ್ಞೆಯೊಂದನ್ನು ಮಾಡಿಬಿಟ್ಟಳು.

“ಅವ್ವಾ, ನನಗ ಸಾಕಾಗೇತಿ. ಹಣಿಗಿ ಹಾಕಿದ್ರ ಕಣ್ಣಾಗ ನೀರ ಬರ್ತಾವ. ಪಾಡ್ಯ ಮುಗದ ಮರುದಿನ ಪಾರ್ಲರಿಗೆ ಹೋಗಿ ಹೆಗಲಮಟ ಕತ್ತರಿಸ್ಕೊಂಡ ಬರಾಕಿ ನಾನು.”

ನಾಗಲವ್ವನ ಕೈಯಲ್ಲಿದ್ದ ಕೊಡ ತುಂಬಿ ಹರಿಯಿತು, ಅವಳಿಗೆ ಅರಿವಾಗಲಿಲ್ಲ.

ವಿಧಿಯ ಸಂಚೋ ಎಂಬಂತೆ ಅದೇ ಹೊತ್ತಿಗೆ, ಸೊಲ್ಲಾಪುರದ ಕಡೆಯಿಂದ ಧೂಳೆಬ್ಬಿಸಿ ಬಂದ ಬಸ್ಸೆಂಬ ಮಹಾರಥದಿಂದಿಳಿದು, ಚೀಲಹಸ್ತೆಯಾಗಿ, ಓಣಿಯೊಳಗೆ ಪಾದವಿಟ್ಟಳು ಸುಲೋಚನಾದೇವಿ. ಅವಳು ನಾಗಲವ್ವನ ಗಂಡನ ತಂಗಿ. ಕೂದಲು ನೆಟ್ಟಗೆ, ತೆಳ್ಳಗೆ. ಮುಂಜಾನೆ ತೊಳೆದರೆ ಮಧ್ಯಾಹ್ನಕ್ಕೆ ತಾನಾಗಿಯೇ ಜಿಡ್ಡು ಸೂಸುವ ಸ್ವಯಂತೈಲಸ್ರಾವಿಣಿ. ಅಂಥವಳು ಚಹಾ ಕುಡಿಯುವುದಕ್ಕೂ ಮೊದಲು ಚೀಲದಿಂದ ಒಂದು ಉದ್ದನೆಯ ಬಾಟಲಿಯನ್ನು ಸೆಳೆದು, ಒರೆಯಿಂದ ಹಿರಿದ ಖಡ್ಗದಂತೆ ದೀಪಕ್ಕೆ ಹಿಡಿದು ನಿಂತಳು. “ಎಲೌ ಭ್ರಾತೃಪತ್ನಿಯೇ, ಪುಣೆಯೆಂಬ ಮಹಾನಗರಿಯಿಂದ ಬಂದ ಈ ದಿವ್ಯಾಸ್ತ್ರದ ಮುಂದೆ ನಿನ್ನ ಸೀಗೆಯ ಧೂಳು ಕ್ಷಣವಾದರೂ ನಿಂತೀತೆ?” ಎಂಬುದು ಆ ವಾಣಿಯ ಗಾಂಭೀರ್ಯ. ಬಾಯಿಂದ ಹೊರಟ ಶಬ್ದ ಮಾತ್ರ ಹೀಗಿತ್ತು:

“ವೈನಿ, ಇನ್ನೂ ಅದ ಸೀಗಿಪುಡಿ ಹಚ್ಚತೀರೇನ್ರಿ? ಇದನ್ನ ನೋಡ್ರಿಲ್ಲೆ. ತಲಿ ತೊಳಿಯೂದೂ ಇದ, ಕಂಡೀಷನರೂ ಇದ. ಎರಡೂ ಒಂದರಾಗ. ಪುಣೇದಾಗಿನ ನನ್ನ ಸೊಸಿ ಕೊಟ್ಟಾಳ. ಆಕಿ ಕೂದಲ ನೋಡಬೇಕ ನೀವು, ರೇಶಿಮಿ ಆಗೇತಿ!”

ನಾಗಲವ್ವ ಸೆರಗು ಬಿಗಿದಳು. “ಮೂರು ತಲೆಮಾರಿನ ತಲೆಗಳನ್ನು ತೊಳೆದ, ಧೂಳಿಗೆ ಯಮಸ್ವರೂಪಿಯೂ ಹೇನಿಗೆ ಪ್ರಳಯಸ್ವರೂಪಿಯೂ ಆದ ಸೀಗೆಯನ್ನು ಹಳಿದ ನಾಲಗೆ ಯಾವುದು?” ಎಂದು ಸಿಂಹಿಣಿಯಂತೆ ಗರ್ಜಿಸಿದಳು, ಅರ್ಥಾತ್,

“ಮೆತ್ತಗಾದ್ರ ಆತೇನ ಸುಲೋಚನಾ, ಹೊಲಸ ಹೋಗಬ್ಯಾಡೇನು? ತಲಿ ತೊಳದ ಮ್ಯಾಲ ಕೂದಲ ಹಿಡದ ಎಳದ್ರ ಕಿರ್ರ್ ಅನಬೇಕು. ನಿಮ್ಮವ್ವ ನನಗ ಕಲಿಸಿದ್ದ ಹಿಂಗ.”

“ನಮ್ಮವ್ವನ ಕಾಲ ನಮ್ಮವ್ವನ ಸಂಗಾಟ ಹೋತ್ರಿ.”

ಇಬ್ಬರೂ ನ್ಯಾಯಕ್ಕಾಗಿ ಬಸಲಿಂಗಪ್ಪನತ್ತ ತಿರುಗಿದರು. ಅವನು ಒಬ್ಬಳಿಗೆ ಗಂಡ, ಒಬ್ಬಳಿಗೆ ಅಣ್ಣ. ಪೂರ್ಣಚಂದ್ರಪ್ರತಿಮಮಸ್ತಕ, ಎಂದರೆ ಕಿವಿಯ ಮೇಲೆರಡು ಗೆರೆಯಷ್ಟು ಬಿಟ್ಟರೆ ಪೂರ್ತಿ ಬೋಳು.

“ನನ್ನ ಯಾಕ ಕೇಳ್ತೀರಿ?” ಅಂದ ಆ ಮಹಾಪುರುಷ. “ನನಗ ಒಂದ ತಂಬಿಗಿ ನೀರು, ಒಂದ ಟವೆಲ್ಲು. ನನ್ನ ಜಗಳ ಎಂದೋ ಮುಗದೈತಿ.” ಹಾಗೆಂದವನೇ ಒಲೆಗೆ ಕಟ್ಟಿಗೆ ಒಟ್ಟುವ ನೆಪದಲ್ಲಿ ರಣಾಂಗಣ ಬಿಟ್ಟು ನಡೆದ.

ಕೊನೆಗೆ ತೀರ್ಪು ಕೊಟ್ಟವಳು ಕುಮುದಾಳೇ. “ಇಬ್ಬರೂ ಬಾಯಿ ಮಾಡಬ್ಯಾಡ್ರಿ, ತಲಿ ನಂದು. ನಾಳಿಗೆ ಮೊದಲ ಅತ್ತೀದು ನೋಡೋಣು, ಆಮ್ಯಾಲ ಅವ್ವಂದು. ಎರಡೂ ಆಗಲಿಲ್ಲಂದ್ರ ಕತ್ತರಿ ಇದ್ದ ಐತಿ.”

ನರಕಚತುರ್ದಶಿಯ ಅರುಣೋದಯಕ್ಕೆ ಹಂಡೆಯು ರಣಭೇರಿಯಂತೆ ಗುಳುಗುಳುಗುಟ್ಟಿತು. ಹಬ್ಬದ ಎಣ್ಣೆ ಹಚ್ಚುವಾಗ ಕೈ ಬಿಗಿಹಿಡಿದರೆ ಅದು ತಲೆಗೆ ಮಾಡಿದ ಅವಮಾನವೆಂಬುದು ಆ ಮನೆಯ ಶಾಸ್ತ್ರ. ನಾಗಲವ್ವ ಔಡಲೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ, ಉಗುರುಬೆಚ್ಚಗೆ ಕಾಸಿ, ಮಗಳ ನೆತ್ತಿಯ ಮೇಲೆ ಬಟ್ಟಲು ಬಗ್ಗಿಸಿದಳು. ಅದು ನೆತ್ತಿಯಿಂದ ಕಿವಿಗೆ, ಕಿವಿಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮಣೆಗೆ ಧಾರಾಕಾರವಾಗಿ ಹರಿಯಿತು. ಅದರ ಮೇಲೆ ಸುಲೋಚನಾದೇವಿಯು ದಿವ್ಯಾಸ್ತ್ರದ ಮುಚ್ಚಳ ತೆಗೆದು, ಬೆಣ್ಣೆಯಂಥ ದ್ರವವನ್ನು ಅಂಗೈಗೆ ಸುರಿದು, ಪ್ರಯೋಗಿಸಿದಳು. ತಿಕ್ಕಿದಳು. ಮತ್ತೆ ತಿಕ್ಕಿದಳು. ನೊರೆ ಬರಲಿಲ್ಲ.

ನೊರೆ ಬಾರದೆ ಏನಾದರೂ ತೊಳೆದೀತೆಂದು ಆ ವಂಶದಲ್ಲಿ ಯಾರೂ ಅಂದಿನವರೆಗೆ ಕೇಳಿರಲಿಲ್ಲ.

“ಕಡಿಮಿ ಆಗಿರಬೇಕು,” ಅಂದಳು ಸುಲೋಚನಾ.

“ಹಂಗಾರ ಮತ್ತ ಹಾಕು! ಸೊಸಿ ಕೊಟ್ಟದ್ದು ಮುಗದೀತಂತ ಅಂಜಿಕಿ ಏನ?”

ಹಾಕಿದಳು. ನೊರೆಯಿಲ್ಲ. ಇನ್ನಷ್ಟು ಸುರಿದಳು. ಇಬ್ಬರು ವೀರಾಂಗನೆಯರು ಪರಸ್ಪರ ವೈರವನ್ನೂ ಮರೆತು, ನಾಲ್ಕು ಕೈಗಳಿಂದ ಒಂದೇ ತಲೆಯನ್ನು ಸಮುದ್ರಮಥನದಂತೆ ಕಡೆದರು. ವಾಸುಕಿಯಂಥ ಹೆರಳು ನರಳಿತು. ಆದರೂ ಅಮೃತದ ಮಾತಿರಲಿ, ಒಂದು ಗುಳ್ಳೆಯೂ ಏಳಲಿಲ್ಲ. ಇದು ನೊರೆ ಬರುವ ಜಾತಿಯದಲ್ಲ, ಒಣ ಕೂದಲಿಗೂ ಗುಂಗುರು ಕೂದಲಿಗೂ ಹೇಳಿ ಮಾಡಿಸಿದ್ದು ಎಂದು ಬಾಟಲಿಯ ಬೆನ್ನ ಮೇಲೆ ಇರುವೆಗಾತ್ರದ ಇಂಗ್ಲಿಷಿನಲ್ಲಿ ಬರೆದಿತ್ತು. ಆದರೆ ಅದನ್ನು ಓದಬಲ್ಲ ಒಬ್ಬಳೇ ಒಬ್ಬಳ ಕಣ್ಣುಗಳು ಎಣ್ಣೆಗೆ ಹೆದರಿ ಮುಚ್ಚಿಕೊಂಡಿದ್ದವು.

ನೀರು ಹಾಕಿದರೆ ನೀರು ಕೆಸುವಿನೆಲೆಯ ಮೇಲಿನಂತೆ ಉರುಳಿ ಹೋಯಿತು. ಎಣ್ಣೆ ಇದ್ದಲ್ಲೇ ಇತ್ತು.

“ಸರಿ ಇನ್ನ,” ಎಂದು ನಾಗಲವ್ವ ಡಬ್ಬಿಯ ಬಾಯಿ ತೆರೆದಳು. ಸೀಗೆಯ ಚೂರ್ಣವು ಧೂಮಕೇತುವಿನಂತೆ ಎದ್ದಿತು, ಮೂವರೂ ಸೀನಿದರು. ಎಣ್ಣೆಯ ಅಕ್ಷೋಹಿಣಿ ಕ್ಷಣಾರ್ಧದಲ್ಲಿ ದಿಕ್ಕಾಪಾಲಾಯಿತು. ಕೂದಲು ಕಿರ್ರ್ ಅಂದಿತು. ನಾಗಲವ್ವನ ಮುಖದಲ್ಲಿ ವಿಜಯಲಕ್ಷ್ಮಿ ನಕ್ಕಳು. ಆದರೆ ಒದ್ದೆ ಆರುತ್ತಿದ್ದಂತೆ ಆ ನಗು ಬಾಡಿತು. ಏಕೆಂದರೆ ಸೀಗೆಯೂ ಗದಗಿನ ಸವಳು ನೀರೂ ಕೂಡಿ ಕುಮುದಾಳ ತಲೆಯನ್ನು ಜಾಲಿಮುಳ್ಳಿನ ಬೇಲಿಯನ್ನಾಗಿ ಮಾಡಿದ್ದವು. ನಾಗಲವ್ವ ಹಣಿಗೆ ಹಾಕಿದಳು. ಟಕ್ಕೆಂದು ಸದ್ದಾಯಿತು. ಹಣಿಗೆಯ ದಂತವೊಂದು ವೀರಸ್ವರ್ಗವನ್ನು ಸೇರಿತು.

“ಆತಲ್ಲ? ಇಬ್ಬರದೂ ಮುಗೀತಲ್ಲ?” ಎಂದು ಕುಮುದಾ ಎದ್ದು, ಬೇಲಿಯನ್ನು ಹಾಗೇ ಗಂಟು ಕಟ್ಟಿಕೊಂಡು ಆರತಿಗೆ ಹೋದಳು.

ಸುಲೋಚನೆಗೂ ಗೆಲುವಿರಲಿಲ್ಲ. ಆಡಿದ ಹೊಗಳಿಕೆ ಸುಳ್ಳಾಗಬಾರದೆಂದು ಅವಳು ತನ್ನ ತಲೆಗೂ ಅದೇ ಬಾಟಲಿಯನ್ನು ಬಳಿದುಕೊಂಡಿದ್ದಳು. ಆರತಿ ತಟ್ಟೆಯ ಎದುರು ಕುಳಿತ ಬಸಲಿಂಗಪ್ಪ, ಎಮ್ಮೆ ನೆಕ್ಕಿದ ಕರುವಿನ ಮೈಯಂತೆ ಅಂಟಿಕೊಂಡಿದ್ದ ತಂಗಿಯ ನೆತ್ತಿಯನ್ನು ನೋಡಿ ಮುಗ್ಧನಾಗಿ ಕೇಳಿದ: “ಸುಲೂ, ನೀ ಇನ್ನೂ ಎರಕೊಂಡಿಲ್ಲೇನವಾ?”

ಆ ಬಾಣವು ನಾಟಿದ ಜಾಗದಿಂದ ಅಮಾವಾಸ್ಯೆ ಮುಗಿಯುವವರೆಗೂ ರಕ್ತ ಸೋರಿತು. ಲಕ್ಷ್ಮೀಪೂಜೆಯ ಮನೆಯಲ್ಲಿ ಹೋಳಿಗೆಯನ್ನೂ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿಯೇ ಲಟ್ಟಿಸಿದರು.

ಪಾಡ್ಯದ ಮುಂಜಾನೆ ಕುಮುದಾ ಮೆಟ್ಟಿಲಿಗೆ ಬರಲಿಲ್ಲ. “ನಾಳಿಗೆ ಹೆಂಗೂ ಕತ್ತರಸೂದೈತಿ, ಇವತ್ತ ಯಾಕ ಬಿಡಸ್ತಿ?” ಎಂದು ಒಳಗಿನಿಂದಲೇ ಅಂದಳು. ನಾಗಲವ್ವ ಹಲ್ಲು ಮುರಿದ ಹಣಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಳು. ಹಾಲಿನವನು ಬಂದು ಹೋದ. ಬಿಸಿಲು ಕಾಲಿನವರೆಗೆ ಬಂತು. ಆಮೇಲೆ ಎದ್ದು, ಬೇರೇನೂ ತೋಚದೆ, ಬಚ್ಚಲು ತಿಕ್ಕಲು ಹೋದಳು.

ಅಲ್ಲಿ ಮೂಲೆಯಲ್ಲಿ ಸೋತ ಸೇನಾನಿಯಂತೆ ಬಾಟಲಿ ಅಡ್ಡಬಿದ್ದಿತ್ತು. ಕಲ್ಲಿನ ಮೇಲೆ ಒಂದಿಷ್ಟು ಸೋರಿತ್ತು. ಒರೆಸಲೆಂದು ಬೆರಳಿಟ್ಟಳು, ಬೆರಳು ಜಾರಿತು. ಎರಡು ಬೆರಳುಗಳ ನಡುವೆ ತೀಡಿ ನೋಡಿದಳು. ಈ ಜಾರುವಿಕೆ ಅವಳ ಕೈಗೆ ಗೊತ್ತಿತ್ತು. ತವರೂರಾದ ನರೇಗಲ್ಲಿನಲ್ಲಿ, ಅವಳಿನ್ನೂ ಪರಕಾರ ತೊಡುವ ಸಣ್ಣ ಹುಡುಗಿಯಾಗಿದ್ದ ಕಾಲದಲ್ಲಿ, ಅವಳ ಅಜ್ಜಿ ದಾಸವಾಳದ ಎಲೆಗಳನ್ನು ನೀರಲ್ಲಿ ಹಿಚುಕಿ ಹಿಚುಕಿ ಹಸಿರು ಲೋಳೆ ತೆಗೆಯುತ್ತಿದ್ದಳು. ಅದಕ್ಕೂ ನೊರೆಯಿರಲಿಲ್ಲ. ಎಣ್ಣೆ ಹಚ್ಚಿದ ತಲೆಗೆ ಅಜ್ಜಿ ಅದನ್ನು ಹಾಕುತ್ತಲೂ ಇರಲಿಲ್ಲ. “ನಮ್ಮ ಕೂದಲಕ್ಕ ಸೀಗಿ ಆಗಿಬರೂದಿಲ್ಲ ಕೂಸ, ನಮಗ ಲೋಳಿನ ಬೇಕು,” ಎಂದು, ಲೋಳೆ ಇರುವಾಗಲೇ ಬೆರಳಿಂದ ಸಿಕ್ಕು ಬಿಡಿಸುತ್ತಿದ್ದಳು. ಈ ಮನೆಗೆ ಸೊಸೆಯಾಗಿ ಬಂದ ಮೇಲಲ್ಲವೆ ಅತ್ತೆ ಸೀಗೆಡಬ್ಬಿಯನ್ನು ಕೈಗಿಟ್ಟದ್ದು? ಅತ್ತೆಯದು ನೆಟ್ಟನೆಯ, ಜಿಡ್ಡಿನ ಕೂದಲು. ಸುಲೋಚನೆಯದೂ ಅದೇ.

ಇಷ್ಟು ದಿನ ತಾನು ಹಿಡಿದು ಕಾದಿದ್ದು ವೈರಿಯ ತವರಿನ ಆಯುಧವೆಂದು ಆ ಮಹಾಸತಿಗೆ ಬಚ್ಚಲ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಜ್ಞಾನೋದಯವಾಯಿತು.

ಹೊರಗೆ ಹೆಜ್ಜೆಯ ಸಪ್ಪಳ. ನಾಗಲವ್ವ ಬಾಟಲಿಯನ್ನು ಸೆರಗಿನಡಿ ಸೇರಿಸಿ ಥಟ್ಟನೆ ಬಾಗಿಲಿಗೆ ಬಂದಳು. ಎದುರಿಗೆ ಸುಲೋಚನಾ. ಅವಳ ಸೆರಗಿನಡಿಯೂ ಏನೋ ಉಬ್ಬಿತ್ತು. ಇಬ್ಬರು ಮಹಾರಥಿಯರು ಹೊಸ್ತಿಲ ಆಚೀಚೆ, ರೆಪ್ಪೆ ಬಡಿಯದೆ, ನಿಂತರು. ಆಗ ಸುಲೋಚನೆಯ ಮೂಗು ಅರಳಿತು, ಮುಖ ಸೊಟ್ಟಗಾಯಿತು, ದಿಗಂತಗಳು ನಡುಗುವಂತೆ ಅವಳು ಸೀನಿದಳು.

“ಏನದು ಸೆರಗಿನ್ಯಾಗ?”

“ಏನಿಲ್ರಿ ವೈನಿ. ಅರಿಷಿಣ.”

“ಅರಿಷಿಣಕ್ಕ ಸೀನ ಬರೂದಿಲ್ಲ.”

ಸುಲೋಚನಾ ಮೂಗೊರೆಸಿಕೊಂಡಳು. “ನಿಮ್ಮ ಸೆರಗಿನ್ಯಾಗೇನೈತ್ರಿ?”

“ಖಾಲಿ ಬಾಟ್ಲಿ. ಒಗ್ಯಾಕ ಹೊಂಟಿದ್ನಿ.”

“ಒಗಿಯೂ ಬಾಟ್ಲಿಗೆ ಮುಚ್ಚಳ ಯಾಕ ಹಾಕೀರಿ?”

ಯಾವ ಶಂಖವೂ ಊದಲಿಲ್ಲ. ದೇವತೆಗಳು ಹೂಮಳೆ ಕರೆಯಲಿಲ್ಲ. ಸಂಧಿಯ ಮಾತುಕತೆ ಇಷ್ಟೇ:

“ನೀ ಮೊದಲ ಹೋಗು. ನೀರ ಬಿಸಿ ಅದಾವ.”

“ಹೂಂ ರಿ.”

ಸುಲೋಚನಾ ಕಿರ್ರ್ ಅನ್ನುವ ತಲೆ ಹೊತ್ತು ಹೊರಗೆ ಬಂದ ಮೇಲೆ ನಾಗಲವ್ವ ಮಗಳನ್ನು ಕೈಹಿಡಿದು ಎಳೆತಂದಳು. “ಒಂದ ಸಲ ಕುಂದ್ರು. ಎಣ್ಣಿ ಇಲ್ಲ, ಏನಿಲ್ಲ. ಆಗಲಿಲ್ಲಂದ್ರ ನಾಳಿಗೆ ನಾನ ನಿನ್ನ ಪಾರ್ಲರಿಗೆ ಕರಕೊಂಡ ಹೋಗ್ತೀನಿ.” ಒದ್ದೆ ಕೂದಲಿಗೆ ಬಾಟಲಿಯ ಲೋಳೆಯನ್ನು ಧಾರಾಳವಾಗಿ ಹಚ್ಚಿ, ನೊರೆಗಾಗಿ ಕಾಯದೆ, ತಿಕ್ಕದೆ, ಅದು ಇರುವಾಗಲೇ ಬೆರಳಿಂದ ಒಂದೊಂದೇ ಎಳೆ ಬಿಡಿಸಿ, ಆಮೇಲೆ ನೀರು ಹೊಯ್ದಳು. ಕುಮುದಾ ಬಾಟಲಿಯ ಬೆನ್ನನ್ನು ಓದಿ, “ಅವ್ವಾ, ಇದರಾಗ ಹಿಂಗ ಮಾಡ್ರಿ ಅಂತನ ಬರದಾರಲ್ಲ!” ಅಂದಳು. ನಾಗಲವ್ವ ಇನ್ನೊಂದು ತಂಬಿಗೆ ನೀರು ಹೊಯ್ದಳು.

ಮರುದಿನ ಬುಧವಾರ, ಕತ್ತರಿಗೆ ಗೊತ್ತಾಗಿದ್ದ ದಿನ. ಕುಮುದಾ ಮೆಟ್ಟಿಲಿಗೆ ಬಂದು ಕುಳಿತಳು. ನಾಗಲವ್ವ ಕುಲದೇವರನ್ನು ನೆನೆದು ನೆತ್ತಿಗೆ ಹಣಿಗೆ ಊರಿದಳು. ಹಣಿಗೆಯು ನೆತ್ತಿಯಿಂದ ಹೊರಟು, ಎಲ್ಲಿಯೂ ತಡೆಯದೆ, ಎಲ್ಲಿಯೂ ನಿಲ್ಲದೆ, ಸೊಂಟದ ಬಳಿ ಗಾಳಿಗೆ ಬಂದುಬಿಟ್ಟಿತು.

ಜಯ! ಸರ್ವಗ್ರಂಥಿವಿಮೋಚನ ಜಯ! ಕ್ಷಣದಲ್ಲೇ ಬೈತಲೆ ತೆಗೆದು ಹೆರಳು ಹೆಣೆದದ್ದೂ ಆಯಿತು.

“ಏ, ಆಗೇ ಬಿಡ್ತ?” ಎಂದು ಕುಮುದಾ ಹೆರಳು ಮುಟ್ಟಿ ನೋಡಿಕೊಂಡು ಎದ್ದಳು. “ಕತ್ತರಸೂದು ಬ್ಯಾಡ ಬಿಡಬೇ.” ಚಪ್ಪಲಿ ಹುಡುಕತೊಡಗಿದಳು. ಫೋನು ಆಗಲೇ ಕೈಯಲ್ಲಿತ್ತು.

ನಾಗಲವ್ವ ಗೆದ್ದ ಹಣಿಗೆಯನ್ನು ಹಿಡಿದು ಹಾಗೇ ಕುಳಿತಳು. ಮೆಟ್ಟಿಲ ಮೇಲೆ ಬಿಸಿಲಿನ್ನೂ ಬಿದ್ದಿರಲಿಲ್ಲ. ಹಾಲಿನವನೂ ಬಂದಿರಲಿಲ್ಲ.

“ಬಾ ಇಲ್ಲೆ. ಬೈತಲಿ ವಾರಿ ಆಗೇತಿ.”

“ನೆಟ್ಟಗ ಐತಲ್ಲಬೇ, ಕನ್ನಡ್ಯಾಗ ನೋಡಿದ್ನಿ.”

“ಹಿಂದಿಂದು ಕನ್ನಡ್ಯಾಗ ಕಾಣತೈತೇನ? ಕುಂದ್ರಂದ್ರ ಕುಂದ್ರು.”

ಕುಮುದಾ ಗೊಣಗುತ್ತ ಕುಳಿತಳು. ನಾಗಲವ್ವ ನೆಟ್ಟಗಿದ್ದ ಬೈತಲೆಯನ್ನು ಅಳಿಸಿ, ಹೆರಳು ಬಿಚ್ಚಿ, ಇಲ್ಲದ ಸಿಕ್ಕನ್ನು ನಿಧಾನವಾಗಿ ಬಿಡಿಸತೊಡಗಿದಳು. ಮಗಳು ಫೋನನ್ನು ಮಡಿಲಲ್ಲಿ ಮಗುಚಿಟ್ಟಳು. “ಅವ್ವಾ, ಮೊನ್ನಿ ವಾರ್ಡಿನ್ಯಾಗ ಏನಾತ ಗೊತ್ತೈತೇನ...”

ಸುಲೋಚನಾ ಗುರುವಾರ ಮುಂಜಾನೆಯ ಬಸ್ಸಿಗೆ ಸೊಲ್ಲಾಪುರಕ್ಕೆ ಹೊರಟಳು. ಬಾಟಲಿಯನ್ನು ಮರೆತು ಹೋದಳು. ಸೀಗೆಯ ಡಬ್ಬಿಯನ್ನು ಮರೆಯಲಿಲ್ಲ.